ಮೂರನೇ ಮಶಿನ್ನಿನಲ್ಲಿ ಸುಮಿತ್ರಕ್ಕನ ಹೆಸರು

ನಮ್ಮ ಪ್ರೆಸ್ಸಿನಲ್ಲಿ ಕೆಲಸ ಬಿಟ್ಟು ಹೋಗುವವರನ್ನು ಕಟಿಂಗ್ ಮಶಿನ್ನಿನ ಮುಂದೆ ಕುರ್ಚಿ ಹಾಕಿ ಕೂರಿಸಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಕಳಿಸುವುದು ಪದ್ಧತಿ. ಅರವತ್ತು ದಾಟಿದವರಿಗೆ ಸಲ್ಲುತ್ತಿದ್ದ ಆ ಮರ್ಯಾದೆ ನನಗೆ ಮೂವತ್ಮೂರಕ್ಕೇ ಸಿಕ್ಕಿತು. ಒಂಬತ್ತು ವರ್ಷ ನಾನು ನೋಡಿಕೊಂಡ, ಪ್ರೆಸ್ಸಿನ ಫೈಲುಗಳೆಲ್ಲ ಇದ್ದ ಸರ್ವರ್ ಕಂಪ್ಯೂಟರನ್ನು ಬಂದ್ ಮಾಡಿ, ಅವನ್ನೆಲ್ಲ ಆನ್‌ಲೈನಿಗೆ ಸಾಗಿಸಿದ್ದಾಯಿತು. ಅದರ ಜೊತೆಗೆ ನನ್ನ ಕೆಲಸವೂ ಮುಗಿಯಿತು. ಶಾಲು ಹೊದ್ದು ಕೂತಿದ್ದಾಗ, ಪ್ರೆಸ್ಸಿನ ಪಿಕಪ್ ಓಡಿಸುವ ರಫೀಕಣ್ಣ, ಇನ್ನು ಮೊಮ್ಮಕ್ಕಳನ್ನು ಆಡಿಸಿಕೊಂಡು ಆರಾಮಾಗಿರಿ ಎಂದು ಹರಸಿದ. ನನಗೆ ಇನ್ನೂ ಮದುವೆಯಾಗಿಲ್ಲ.

ಸರ್ವರು ನೋಡಿಕೊಳ್ಳುವ ಈ ಕೆಲಸಕ್ಕೆ ಹೊಸದಾಗಿ ಬರುವವರು ಆಗಾಗ ಮೆಸೇಜು ಮಾಡಿ ಕೇಳುತ್ತಾರೆ. ಯಾವ ಕೋರ್ಸು ಮಾಡಬೇಕು, ಯಾವ ಡಿಸ್ಕು ಒಳ್ಳೆಯದು, ಸರ್ವರು ನಡೆಸುವ ಲಿನಕ್ಸ್ ಕಲಿಯಲು ಎಷ್ಟು ತಿಂಗಳು ಬೇಕು. ಅದೆಲ್ಲ ವೀಡಿಯೊಗಳಲ್ಲಿ ಇದೆ, ನಾನೂ ಅಲ್ಲೇ ಕಲಿತವನು. ವೀಡಿಯೊಗಳಲ್ಲಿ ಇಲ್ಲದ್ದನ್ನು ಬರೆಯುತ್ತೇನೆ. ಅದರಲ್ಲಿ ದೊಡ್ಡದು ಒಂದೇ: ನಾನು ಹೆಮ್ಮೆಯಿಂದ ಪ್ರಿಂಟು ತೆಗೆದು ಕೊಟ್ಟ ಒಂದು ಹಾಳೆಯಿಂದ ಒಬ್ಬ ಹೆಂಗಸಿನ ಕೆಲಸ ಹೋಯಿತು, ಅವಳ ಮಗಳ ಹೆಸರೂ ಕೆಟ್ಟಿತು. ಅದು ಹೇಗಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಿನಿಂದ ಬರಬೇಕು.

ನನ್ನ ಊರು ಬನವಾಸಿಯ ಹತ್ತಿರ. ಅಪ್ಪನದು ಬೀಜ, ಗೊಬ್ಬರದ ಅಂಗಡಿ. ನಾನು ಬಿ.ಕಾಂ. ಮುಗಿಸಿ ಶಿರಸಿಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿದ್ದೆ. ಗಿರಾಕಿ ಇಲ್ಲದಾಗ ಹಳೆಯ ಕಂಪ್ಯೂಟರುಗಳನ್ನು ಬಿಚ್ಚುವುದು, ಲಿನಕ್ಸ್ ಹಾಕುವುದು, ಕೆಡಿಸುವುದು, ಮತ್ತೆ ಹಾಕುವುದು. ಒಂದು ದಿನ ಪ್ರೆಸ್ಸಿನ ಯಜಮಾನರು ಚಾರ್ಜರು ಕೊಳ್ಳಲು ಬಂದವರು ನಾನು ಮಾಡುತ್ತಿದ್ದದ್ದನ್ನು ನಿಂತು ನೋಡಿದರು. ಅವರ ಪ್ರೆಸ್ಸು ಶಿರಸಿಯಲ್ಲಿ. ಸಿದ್ದಾಪುರ, ಯಲ್ಲಾಪುರದಲ್ಲಿ ಒಂದೊಂದು ಕೋಣೆ. ಅಲ್ಲಿ ಕೆಲಸ ಹಿಡಿದು, ಟೈಪು ಮಾಡಿ, ಅಚ್ಚಿಗೆ ಶಿರಸಿಗೆ ಕಳಿಸುತ್ತಿದ್ದರು. ಮದುವೆ ಮುಂಜಿಯ ಕಾಗದ, ಸೊಸೈಟಿಗಳ ವಾರ್ಷಿಕ ವರದಿ, ಜೇನುತುಪ್ಪದ ಬಾಟಲಿಯ ಲೇಬಲ್ಲು, ಶಾಲೆಗಳ ಪ್ರಶ್ನೆಪತ್ರಿಕೆ.

ಕಳಿಸುವುದು ಎಂದರೆ ಪೆನ್‌ಡ್ರೈವಿನಲ್ಲಿ. ರಫೀಕಣ್ಣನ ಪಿಕಪ್ಪಿನಲ್ಲಿ ಒಂದು ಸ್ಟೀಲಿನ ಟಿಫಿನ್ ಡಬ್ಬಿ ಇತ್ತು. ಸಿದ್ದಾಪುರದ್ದು ಕೆಂಪು ಪೆನ್‌ಡ್ರೈವು, ಯಲ್ಲಾಪುರದ್ದು ಹಸಿರು, ಎರಡೂ ಅದರೊಳಗೆ. ಎಲ್ಲ ಫೈಲುಗಳ ಹೆಸರೂ 'ಫೈನಲ್'. ತಿದ್ದಿದ್ದು 'ಫೈನಲ್ ಎರಡು'. ಅದನ್ನೂ ತಿದ್ದಿದ್ದು 'ಖರೇ ಫೈನಲ್'. ಹೀಗಾಗಿ ಒಮ್ಮೆ ಯಲ್ಲಾಪುರದ ಕಡೆಯ ಒಂದು ಮನೆಯ ಮುಂಜಿ ಕಾಗದದಲ್ಲಿ ಸಿದ್ದಾಪುರದ ವಟುವಿನ ಹೆಸರು ಅಚ್ಚಾಯಿತು. ಅರ್ಧ ಊರಿಗೆ ಹಂಚಿದ ಮೇಲೆ, ಎರಡು ದಿನ ಬಿಟ್ಟು ಗೊತ್ತಾಯಿತು. ಓದಿದವರೆಲ್ಲ ತಾರೀಕು ಮತ್ತು ಊಟದ ಹೊತ್ತು ಮಾತ್ರ ನೋಡಿದ್ದರು. ಅವೆರಡೂ ಸರಿಯಾಗಿದ್ದವು.

ಆ ಸಿಟ್ಟಿನಲ್ಲೇ ಯಜಮಾನರು ನನ್ನನ್ನು ಕೇಳಿದ್ದು: "ಎಲ್ಲಾ ಫೈಲು ಒಂದೇ ಕಡೆ ಇಪ್ಪ ಹಂಗೆ ಮಾಡಲೆ ಆಗ್ತಾ?"

ಆಗುತ್ತದೆ ಎಂದೆ. ಅದುವರೆಗೆ ಒಮ್ಮೆಯೂ ಮಾಡಿರಲಿಲ್ಲ.

ಮೂರು ವಾರದಲ್ಲಿ ಮಾಡಿದೆ. ಒಂದು ಹಳೆಯ ಕಂಪ್ಯೂಟರಿಗೆ ಎರಡು ಡಿಸ್ಕು ಹಾಕಿ, ಪ್ರತಿ ಫೈಲೂ ಎರಡರಲ್ಲೂ ಬರೆದುಕೊಳ್ಳುವ ಹಾಗೆ ಮಾಡಿದೆ. ಒಂದು ಸತ್ತರೆ ಇನ್ನೊಂದು ಉಳಿಯುತ್ತದೆ. ಅದೇ ನಮ್ಮ ಸರ್ವರು. ಅದನ್ನು ಮಾಳಿಗೆಯ ಮೇಲೆ ಪೇಪರ್ ಬಂಡಲುಗಳ ಪಕ್ಕದಲ್ಲಿ ಇಟ್ಟು, ಕೆಳಗೆ ಟೈಪು ಮಾಡುವ ಏಳು ಕಂಪ್ಯೂಟರುಗಳಿಗೆ ವಾಯರು ಎಳೆದೆ; ಪ್ರೆಸ್ಸಿನಲ್ಲಿ ಅವಕ್ಕೂ ಮಶಿನ್ನು ಎಂದೇ ಹೆಸರು. ಸಿದ್ದಾಪುರ, ಯಲ್ಲಾಪುರ ಬ್ರಾಡ್‌ಬ್ಯಾಂಡಿನ ಮೂಲಕ ಬಂದು ಸೇರಿದವು. ರಸ್ತೆ ಅಗೆಯುವವರು ಕೇಬಲು ಕಡಿದ ದಿನ ಮಾತ್ರ ರಫೀಕಣ್ಣನ ಡಬ್ಬಿಗೆ ಮತ್ತೆ ಕೆಲಸ.

ನನಗೆ ಅತಿ ಖುಷಿ ಕೊಟ್ಟದ್ದು ಎರಡನೆಯ ಭಾಗ. ಪ್ರತಿ ಮಶಿನ್ನಿಗೂ ಬೇರೆ ಬೇರೆ ಪಾಸ್‌ವರ್ಡ್ ಇಡುವ ಬದಲು, ಎಲ್ಲರ ಹೆಸರೂ ಸರ್ವರಿನಲ್ಲೇ ಇರುತ್ತದೆ. ಯಾರು ಯಾವ ಮಶಿನ್ನಿನ ಮುಂದೆ ಕೂತರೂ ಅದು ಮಾಳಿಗೆಯ ಮೇಲಿನ ಸರ್ವರನ್ನು ಕೇಳುತ್ತದೆ: ಈ ಹೆಸರಿನವರನ್ನು ಬಿಡಲೋ, ಬೇಡವೋ? ಇಡೀ ಶಾಲೆಗೆ ಒಂದೇ ಹಾಜರಿ ಪುಸ್ತಕ ಇದ್ದ ಹಾಗೆ. ಜೊತೆಗೆ ಯಾರು, ಯಾವ ಮಶಿನ್ನಿನಿಂದ, ಎಷ್ಟು ಹೊತ್ತಿಗೆ, ಯಾವ ಫೈಲು ತೆರೆದರು ಎಂದು ಅದು ಸಾಲು ಸಾಲಾಗಿ ಬರೆದಿಡುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ನಾನು ಊಟ ಮಾಡುತ್ತ ಆ ಸಾಲುಗಳು ಏರುವುದನ್ನು ನೋಡುತ್ತಿದ್ದೆ. ಅಷ್ಟು ಹುಚ್ಚು.

ಮೊದಲ ದೊಡ್ಡ ತಪ್ಪು ಒಂದು ಬ್ಯಾಟರಿಯದು. ಒಂದಿಡೀ ದಿನ ಕರೆಂಟು ಹೋಗಿ ಬಂದ ಮೇಲೆ ಸರ್ವರು ಯಾರನ್ನೂ ಒಳಗೆ ಬಿಡಲಿಲ್ಲ. ಹೆಸರು ಸರಿ, ಪಾಸ್‌ವರ್ಡ್ ಸರಿ. ಆದರೂ ಇಲ್ಲ ಎನ್ನುತ್ತದೆ. ನಾನು ಎಲ್ಲ ಅಳಿಸಿ ಹೊಸದಾಗಿ ಹಾಕಿದೆ. ಎರಡು ದಿನ ಪ್ರೆಸ್ಸು ನಿಂತಿತು. ಮೂರನೆಯ ದಿನ ಮಾಳಿಗೆಗೆ ಪೇಪರ್ ಒಯ್ಯಲು ಬಂದ ರಫೀಕಣ್ಣ ಪರದೆಯ ಮೂಲೆಯನ್ನು ನೋಡಿ ಹೇಳಿದ:

"ಚಲೋ ಐತಿ ನೋಡ್ರಿ ನಿಮ್ಮ ಸರ್ವರು. ಇದ್ರಾಗ ನನಗ ಇನ್ನೂ ಲಗ್ನಾನ ಆಗಿಲ್ಲ."

ತಾರೀಕು ಹದಿನೈದು ವರ್ಷ ಹಿಂದಕ್ಕೆ ಹೋಗಿತ್ತು. ಗಡಿಯಾರ ನಡೆಸುವ, ಬಟನ್ನಿನಷ್ಟು ಸಣ್ಣ ಬ್ಯಾಟರಿ ಸತ್ತಿತ್ತು. ಸರ್ವರಿನ ಗಡಿಯಾರಕ್ಕೂ ಮಶಿನ್ನಿನ ಗಡಿಯಾರಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅದು ಯಾರನ್ನೂ ನಂಬುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ. ನಿಮಗೂ ಒಂದು ದಿನ ಹೀಗಾಗುತ್ತದೆ. ಬೇರೆ ಏನನ್ನೂ ಮುಟ್ಟುವ ಮೊದಲು ಗಡಿಯಾರ ನೋಡಿ.

ಎರಡನೆಯ ತಪ್ಪು ನನಗೆ ತಪ್ಪಾಗಿ ಕಾಣಲೇ ಇಲ್ಲ. ಪುಸ್ತಕದಲ್ಲಿ ಓದಿದ ನಿಯಮಗಳನ್ನೆಲ್ಲ ನಾನು ಹಾಗೇ ತಂದೆ. ಪಾಸ್‌ವರ್ಡಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ನಾಲ್ಕೂ ಇರಬೇಕು. ತಿಂಗಳಿಗೊಮ್ಮೆ ಬದಲಿಸಲೇಬೇಕು. ಮೂರು ಸಲ ತಪ್ಪು ಹೊಡೆದರೆ ಅರ್ಧ ಗಂಟೆ ಬಾಗಿಲು ಬಂದ್. ಯಜಮಾನರಿಗೂ ಒಂದು ಹೆಸರು, ಪಾಸ್‌ವರ್ಡ್ ಮಾಡಿ ಚೀಟಿ ಕೊಟ್ಟೆ. ಅವರು ಅದನ್ನು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು. ಜೊತೆಗೆ ಅವರ ಸಹಿ ಹಾಕಿಸಿ ಒಂದು ನೋಟೀಸು ಲ್ಯಾಮಿನೇಟ್ ಮಾಡಿ ಗೋಡೆಗೆ ಅಂಟಿಸಿದೆ: ತನ್ನ ಹೆಸರಿನಲ್ಲಿ ಬೇರೆಯವರನ್ನು ಒಳಗೆ ಬಿಟ್ಟವರನ್ನು ಕೆಲಸದಿಂದ ತೆಗೆಯಲಾಗುವುದು.

ಮೊದಲ ತಿಂಗಳು ನನಗೆ ದಿನಕ್ಕೆ ಹತ್ತು ಕರೆ. ವೀರೇಶಾ, ಬಾಗಿಲು ಹಾಕ್ಕೊಂಡ್ತು. ವೀರೇಶಾ, ಮರೆತ್ಹೋತು. ಎರಡನೆಯ ತಿಂಗಳು ಕರೆಗಳು ಕಡಿಮೆಯಾದವು. ಮೂರನೆಯ ತಿಂಗಳಿಂದ ಶಿರಸಿಯ ಒಬ್ಬರೂ ಕರೆಯಲಿಲ್ಲ. ಅಂತೂ ಎಲ್ಲರೂ ಕಲಿತರು ಎಂದುಕೊಂಡೆ. ಅವತ್ತೇ ಕೆಳಗಿಳಿದು ವಿಚಾರಿಸಬೇಕಿತ್ತು. ಈ ಕೆಲಸದಲ್ಲಿ ದೂರು ಒಮ್ಮೆಗೇ ನಿಂತರೆ, ಜನ ಏನೋ ಸುತ್ತುದಾರಿ ಹುಡುಕಿಕೊಂಡಿದ್ದಾರೆ ಎಂದೇ ತಿಳಿಯಬೇಕು.

ಮೊದಲಿನಿಂದಲೂ ಒಮ್ಮೆಯೂ ನನ್ನನ್ನು ಕರೆಯದವಳು ಸುಮಿತ್ರಕ್ಕ. ಸಿದ್ದಾಪುರದ ಆಚೆ ಮನ್ಮನೆಯವಳು, ಹದಿನಾರು ವರ್ಷದಿಂದ ಪ್ರೆಸ್ಸಿನಲ್ಲಿ ಟೈಪು ಮಾಡುವವಳು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವಳು, ಅತ್ತೆ, ಒಬ್ಬಳು ಮಗಳು. ಮೊದಲ ಬಸ್ಸಿಗೆ ಹೊರಟರೆ ಬೇಗ ಬಂದುಬಿಡುತ್ತಾಳೆ, ಎರಡನೆಯದಕ್ಕೆ ಹೊರಟರೆ ತಡವಾಗುತ್ತದೆ. ಹಾಗಾಗಿ ಪ್ರೆಸ್ಸಿಗೆ ಬರುವವರಲ್ಲಿ ದಿನವೂ ಅವಳೇ ಮೊದಲು. ಬೀಗದ ಕೈಯೂ ಅವಳ ಹತ್ತಿರವೇ. ನಾನು ಸಂಜೆ ಬ್ಯಾಕಪ್ ಮುಗಿಸಿ ಹೋಗುವವನಾದ್ದರಿಂದ ಬೆಳಿಗ್ಗೆ ಹತ್ತಕ್ಕೆ ಬಂದು ನೇರ ಮಾಳಿಗೆ ಹತ್ತುತ್ತಿದ್ದೆ. ಕೆಳಗೆ ಪ್ರೆಸ್ಸು ಹೇಗೆ ಬಾಗಿಲು ತೆರೆಯುತ್ತದೆ ಎಂದು ಐದು ವರ್ಷ ನಾನು ನೋಡಿಯೇ ಇರಲಿಲ್ಲ.

ಐದನೆಯ ವರ್ಷ, ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತು. ಕೆಲವು ಶಾಲೆಗಳು ಸೇರಿ ಪ್ರಶ್ನೆಪತ್ರಿಕೆಗಳನ್ನು ನಮ್ಮಲ್ಲೇ ಅಚ್ಚು ಹಾಕಿಸುತ್ತಿದ್ದವು. ಗಣಿತದ ಪರೀಕ್ಷೆಯ ಹಿಂದಿನ ದಿನ ಅದರ ಒಂದು ಪುಟ ಮಕ್ಕಳ ಮೊಬೈಲುಗಳಲ್ಲಿ ಓಡಾಡಿತು. ಕಂಪ್ಯೂಟರ್ ಪರದೆಯಿಂದ ತೆಗೆದ ಫೋಟೊ. ಶಾಲೆಗಳವರು ಪರೀಕ್ಷೆ ಮುಂದೂಡಿ ಯಜಮಾನರ ಮುಂದೆ ಬಂದು ಕೂತರು. ಪ್ರೆಸ್ಸಿನಿಂದಲೇ ಹೋಗಿದ್ದು, ಯಾರು ಎಂದು ಹೇಳಿ ಎಂದರು.

ಯಜಮಾನರು ಮಾಳಿಗೆ ಹತ್ತಿ ಬಂದು ಕೇಳಿದಾಗ ನನಗೆ ಆದದ್ದು, ಮುಚ್ಚುಮರೆ ಯಾಕೆ, ಸಂತೋಷವೇ. ಇಷ್ಟು ವರ್ಷ ಯಾರೂ ಕೇಳದಿದ್ದ ಲಾಗನ್ನು ಒಬ್ಬರು ಕೇಳುತ್ತಿದ್ದಾರೆ. ಹತ್ತು ನಿಮಿಷದಲ್ಲಿ ಹುಡುಕಿ ಪ್ರಿಂಟು ತೆಗೆದೆ. ಆ ಫೈಲನ್ನು ತೆರೆದದ್ದು ಒಂದೇ ಹೆಸರು, ಹಲವು ಸಲ: ಸುಮಿತ್ರಾ. ಒಂದನ್ನು ಬಿಟ್ಟು ಉಳಿದವೆಲ್ಲ ಅವಳು ಕೂರುವ ಒಂದನೇ ಮಶಿನ್ನಿನಿಂದ. ಒಂದು ಸಲ ಮಾತ್ರ, ಮಧ್ಯಾಹ್ನ ಒಂದು ಹತ್ತಕ್ಕೆ, ಕಿಟಕಿಯ ಹತ್ತಿರದ ಮೂರನೇ ಮಶಿನ್ನಿನಿಂದ. ಎಲ್ಲರೂ ಊಟಕ್ಕೆ ಹೋದ ಹೊತ್ತು. ಮತ್ತೆ, ಅವಳ ಮಗಳು ಸಿದ್ದಾಪುರದಲ್ಲಿ ಹತ್ತನೆಯ ತರಗತಿ. ಇನ್ನೇನು ಬೇಕು?

ಅವಳನ್ನು ಕರೆದರು. ಉಳಿದ ಮಶಿನ್ನುಗಳಲ್ಲಿ ಕೂರುವ ಆರು ಜನ ಬೈಂಡಿಂಗ್ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಯಜಮಾನರು ಹಾಳೆಯನ್ನು ಅವಳ ಕಡೆಗೆ ತಿರುಗಿಸಿ ಇಟ್ಟರು. ಅವಳು ಓದಿ, ಆ ಹೊತ್ತಿಗೆ ತಾನು ಊಟಕ್ಕೆ ಕೂತಿದ್ದೆ ಎಂದಳು. ನಾನು ಅಲ್ಲೇ ಇದ್ದೆ. ಕೇಳದಿದ್ದರೂ ಬಾಯಿ ಹಾಕಿದೆ.

"ಸರ್ವರ್ ಸುಳ್ಳ ಹೇಳೂದಿಲ್ಲ ಅಕ್ಕಾ."

ಅವಳು ನನ್ನ ಕಡೆ ತಿರುಗಿದಳು. ಸಿಟ್ಟು ಇರಲಿಲ್ಲ. ಟೈಪು ಮಾಡಿದ ಪುಟದಲ್ಲಿ ತಪ್ಪು ಹುಡುಕುವಾಗ ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು.

"ಅದು ನನ್ನ ಹೆಸರು ಹೇಳ್ತಾ, ನನ್ನ ಕೈ ಹೇಳ್ತಾ?"

ಈ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಅವಳು ಬಾಗಿಲಲ್ಲಿ ನಿಂತವರ ಕಡೆ ನೋಡಿದಳು. ಒಬ್ಬರು ನೆಲ ನೋಡಿದರು, ಒಬ್ಬರು ಗೋಡೆಯ ಮೇಲಿನ ನನ್ನ ನೋಟೀಸು ನೋಡಿದರು. ಯಜಮಾನರು ಇವತ್ತಿನಿಂದ ಬರುವುದು ಬೇಡ ಎಂದರು. ಅವಳು ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟು, ಊಟದ ಡಬ್ಬಿ ತೆಗೆದುಕೊಂಡು, ಸಿದ್ದಾಪುರದ ಬಸ್ಸಿಗೆ ಹೋದಳು.

ಅವಳ ಹೆಸರನ್ನು ಸರ್ವರಿನಿಂದ ತೆಗೆಯಲು ಯಜಮಾನರು ಹೇಳಿದರು. ಅಂದು ಸಂಜೆಯೇ ಮುಚ್ಚಿದೆ. ಅದು ಒಂದು ಗುಂಡಿ ಒತ್ತುವ ಕೆಲಸ.

ಮರುದಿನ ಬೆಳಿಗ್ಗೆ ನಾನು ಬಸ್ಸಿನಲ್ಲಿದ್ದಾಗಲೇ ಫೋನು ಹೊಡೆದುಕೊಳ್ಳತೊಡಗಿತು. ಪ್ರೆಸ್ಸು ನಿಂತಿದೆ, ಯಾವ ಮಶಿನ್ನೂ ತೆಗೆಯುತ್ತಿಲ್ಲ. ಬ್ಯಾಟರಿ ಇರಬೇಕು ಎಂದುಕೊಂಡೆ. ಹೋಗಿ ಮೊದಲು ಗಡಿಯಾರ ನೋಡಿದೆ, ಸರಿಯಾಗಿತ್ತು. ಕೆಳಗೆ ಆರು ಜನ ಏಳು ಮಶಿನ್ನುಗಳ ಮುಂದೆ ಕೈಕಟ್ಟಿ ಕೂತಿದ್ದರು. ಏಳು ಪರದೆಗಳ ಮೇಲೂ ಒಂದೇ ಹೆಸರು. ಹಿಂದಿನ ಸಲ ಒಳಗೆ ಬಂದವರ ಹೆಸರನ್ನು ಪರದೆ ಹಾಗೇ ತೋರಿಸುತ್ತದೆ. ಸುಮಿತ್ರಾ, ಸುಮಿತ್ರಾ, ಸುಮಿತ್ರಾ.

ನಿಮ್ಮ ನಿಮ್ಮ ಹೆಸರು ಹಾಕಿ ಎಂದೆ. ಯಾರಿಗೂ ತಮ್ಮ ಪಾಸ್‌ವರ್ಡ್ ಗೊತ್ತಿರಲಿಲ್ಲ. ಪೇಪರ್ ಇಳಿಸಲು ಬಂದಿದ್ದ ರಫೀಕಣ್ಣ ಹೇಳಿದ. ದಿನಾ ಬೆಳಿಗ್ಗೆ ಲೋಡು ತರುವವನು ಅವನು, ಎಲ್ಲ ನೋಡಿದವನು.

"ಅಲ್ರೀ ಸಾಹೇಬ್ರ, ನಿಮಗ ಗೊತ್ತ ಇಲ್ಲೇನು? ಶಟರ್ ಎತ್ತತಾಳ, ದೀಪಾ ಹಚ್ಚತಾಳ, ಆಮ್ಯಾಗ ಒಂದರಿಂದ ಏಳರ ತನಕ ಎಲ್ಲಾ ಮಶಿನ್ ತಾನ ತಗದ ಕೊಡತಾಳ. ಬಂದವ್ರು ಕುಂತು ಕೆಲಸ ಮಾಡೂದು. ನಾಕ ವರ್ಷ ಮ್ಯಾಲಾತು."

ಆಮೇಲೆ ಒಬ್ಬೊಬ್ಬರಾಗಿ ಹೇಳಿದರು. ಮೊದಲ ತಿಂಗಳು ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕಾಯುವುದು ಸಾಕಾಗಿ ಒಬ್ಬರು ಅವಳನ್ನು ಕೇಳಿದ್ದರು, ನಿನ್ನದರಲ್ಲಿ ತೆಗೆದುಕೊಡು ಎಂದು. ಮರುದಿನ ಇನ್ನೊಬ್ಬರು. ಕೊನೆಗೆ ಕೇಳುವುದೇ ಬೇಡವಾಯಿತು. ಮೊದಲು ಬಂದವರು ಶಟರು ಎತ್ತಿ, ದೀಪ ಹಚ್ಚಿ, ಲೈಟು ಹಾಕಿ ಇಡುವುದು ಆ ಪ್ರೆಸ್ಸಿನ ಹಳೆಯ ರೂಢಿ. ಮಶಿನ್ನು ತೆಗೆಯುವುದೂ ಆ ಸಾಲಿಗೆ ಸೇರಿತು. ಪಾಸ್‌ವರ್ಡನ್ನು ಅವಳು ಯಾರಿಗೂ ಹೇಳಿರಲಿಲ್ಲ. ತಾನೇ ಬಗ್ಗಿ ಹೊಡೆದುಕೊಡುತ್ತಿದ್ದಳು. ನಿನ್ನೆ ಅದನ್ನು ಹೇಳಿದ್ದರೆ ನನ್ನ ನೋಟೀಸಿನ ಪ್ರಕಾರ ಅದೇ ಒಂದು ತಪ್ಪೊಪ್ಪಿಗೆ. ಬಾಗಿಲಲ್ಲಿ ನಿಂತವರೂ ಆ ನೋಟೀಸು ಓದಿಯೇ ಸುಮ್ಮನಿದ್ದರು.

ಮಾಳಿಗೆ ಹತ್ತಿ ಸರ್ವರಿನಿಂದ ಇನ್ನೊಂದು ಪಟ್ಟಿ ತೆಗೆದೆ. ಪ್ರತಿ ಹೆಸರಿನ ಮುಂದೆ ಅವರು ಕೊನೆಯ ಸಲ ಒಳಗೆ ಬಂದ ದಿನ ಇರುತ್ತದೆ. ಅದು ಮೊದಲಿನಿಂದಲೂ ಅಲ್ಲೇ ಇತ್ತು, ನಾನು ನೋಡಿರಲಿಲ್ಲ. ಏರುವ ಸಾಲುಗಳನ್ನೇ ನೋಡುತ್ತ ಕೂತಿದ್ದವನು. ಆರು ಜನರ ಮುಂದೆ ನಾಲ್ಕು ವರ್ಷ ಹಳೆಯ ತಾರೀಕುಗಳು. ಕಡೆಯ ಹೆಸರಿನ ಮುಂದೆ ತಾರೀಕೇ ಇಲ್ಲ. ಆ ಹೆಸರು ಯಜಮಾನರದು.

ಯಜಮಾನರು ದಿನವೂ ಮೂರನೇ ಮಶಿನ್ನಿನಲ್ಲಿ ಕೂರುವುದನ್ನು ನಾನೇ ನೋಡಿದ್ದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕಿಟಕಿಯ ಬೆಳಕಿನಲ್ಲಿ ಕೂತು ಪ್ರೂಫು ನೋಡುವುದು ಅವರ ಅಭ್ಯಾಸ.

ಪಟ್ಟಿ ಹಿಡಿದು ಅವರ ಕೋಣೆಗೆ ಹೋಗಲು ನನಗೆ ಅರ್ಧ ಗಂಟೆ ಬೇಕಾಯಿತು. ಅವರನ್ನು ಹಿಡಿಯಬೇಕೆಂದು ನಾನು ಹೋಗಲಿಲ್ಲ. ನಿನ್ನೆಯ ಹಾಳೆಯನ್ನು ನಂಬಬೇಡಿ ಎಂದು ಹೇಳಬೇಕಿತ್ತು, ಅಷ್ಟೆ.

"ನಿಮ್ಮ ಹೆಸರಿನ ಮುಂದ ಏನೈತಿ ನೋಡ್ರಿ," ಎಂದೆ.

ಅವರು ಕನ್ನಡಕ ಹಾಕಿಕೊಂಡು ನೋಡಿದರು. "ಎಂತದೂ ಇಲ್ಲೆ."

"ಹೌದ್ರಿ. ಐದು ವರ್ಷದಾಗ ನೀವು ಒಮ್ಮೆನೂ ಒಳಗ ಬಂದಿಲ್ಲ ಅಂತ ಇದು ಹೇಳತೈತಿ. ನೀವು ದಿನಾ ಬರ್ತೀರಿ. ಹಂಗಾದ್ರ ನೀವು ಮಾಡಿದ್ದೆಲ್ಲಾ ಇಲ್ಲಿ ಯಾರ ಹೆಸರಿಲೆ ಐತ್ರಿ?"

ಅವರು ಪಟ್ಟಿಯನ್ನು ಕೆಳಗಿಟ್ಟರು. ಆಮೇಲೆ ಮೊಬೈಲು ತೆಗೆದು ಹಿಂದಿನ ದಿನಗಳ ಮೆಸೇಜುಗಳನ್ನು ತಳ್ಳುತ್ತ ಹೋದರು. ಒಂದು ಕಡೆ ಬೆರಳು ನಿಂತಿತು. ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಆ ತ್ರಿಕೋನದ ಚಿತ್ರ," ಎಂದರು. "ಅದ್ರಲ್ಲಿ ಬಿ, ಸಿ ಅದಲುಬದಲು ಆದಂಗೆ ಕಂಡ್ತು. ಹೌದೋ ಅಲ್ದೋ ಅಂತ ಫೋಟೊ ಹೊಡೆದು ಹೆಡ್‌ಮಾಸ್ತರಿಗೆ ಕಳಿಸಿದ್ದೆ. ಅವ್ರಿಗೊಬ್ರಿಗೇಯ."

ಪ್ರಶ್ನೆಪತ್ರಿಕೆ ಮಾಡಿಸುವ ಹೊಣೆ ಹೊತ್ತಿದ್ದ ಆ ಹೆಡ್‌ಮಾಸ್ತರು ಅದನ್ನು ಗಣಿತದ ಮಾಸ್ತರರೊಬ್ಬರಿಗೆ ಕಳಿಸಿದ್ದರು, ಚಿತ್ರ ಸರಿ ಇದೆಯೇ ಎಂದು. ಅಲ್ಲಿಂದ ಅದು ಎತ್ತ ಹೋಯಿತೋ ಕೊನೆಗೂ ತಿಳಿಯಲಿಲ್ಲ. ಮಕ್ಕಳ ಮೊಬೈಲಿಗೆ ಬರುವಾಗ ಅಂಚು ಕತ್ತರಿಸಿ ಹೋಗಿ, ಕಳಿಸಿದವರಿಗೇ ತಮ್ಮದು ಎಂದು ಗುರುತು ಸಿಗದ ಹಾಗೆ ಆಗಿತ್ತು. ಆದರೆ ಅದರಲ್ಲಿ ಬಿ ಮತ್ತು ಸಿ ಅದಲುಬದಲಾಗಿಯೇ ಇದ್ದವು. ಅಚ್ಚಾದ ಪತ್ರಿಕೆಯಲ್ಲಿ ಅದನ್ನು ತಿದ್ದಿತ್ತು. ತಿದ್ದಿದವಳು ಸುಮಿತ್ರಕ್ಕ, ಯಜಮಾನರು ಹೇಳಿದ ಮೇಲೆ.

ಯಜಮಾನರ ಬಗ್ಗೆ ನನಗೆ ದೂರುಗಳಿವೆ. ಯಾರ ಮಾತನ್ನೂ ಕಡೆಯ ತನಕ ಕೇಳುವವರಲ್ಲ, ಹೇಳಿದ್ದನ್ನು ಮರೆಯುತ್ತಾರೆ. ಆದರೆ ಅವತ್ತು ಅವರು ಮಾಡಿದ್ದನ್ನು ಎಲ್ಲ ಯಜಮಾನರೂ ಮಾಡುವುದಿಲ್ಲ. ಮೊದಲು ಶಾಲೆಗಳವರಿಗೆ ಫೋನು ಮಾಡಿ ತಾನೇ ಎಂದು ಹೇಳಿದರು. ಆ ವರ್ಷದಿಂದ ಪ್ರಶ್ನೆಪತ್ರಿಕೆಯ ಕೆಲಸ ನಮ್ಮಿಂದ ಹೋಯಿತು. ಆಮೇಲೆ ಪಿಕಪ್ ಹತ್ತಿದರು. ರಫೀಕಣ್ಣ ಓಡಿಸಿದ, ನಾನು ನಡುವೆ ಕೂತೆ. ಸಿದ್ದಾಪುರ ದಾಟಿ ಮನ್ಮನೆಗೆ ಹೋದೆವು.

ಸುಮಿತ್ರಕ್ಕ ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಬೆಳಿಗ್ಗೆ ಶಾಲೆಗೆ ಹೋದ ಮಗಳು ಅರ್ಧದಲ್ಲೇ ವಾಪಸ್ಸು ಬಂದು ಜಗಲಿಯಲ್ಲಿ ಕೂತಿದ್ದಳು. ಕ್ಲಾಸಿನಲ್ಲಿ ಯಾರೋ, ನಿನಗೇನು, ಪೇಪರು ಮನೆಗೇ ಬರುತ್ತದೆ ಎಂದಿದ್ದರಂತೆ. ಯಜಮಾನರು ಕೂರಲಿಲ್ಲ. ನಿಂತುಕೊಂಡೇ, ತಪ್ಪು ತನ್ನದು, ಫೋಟೊ ಕಳಿಸಿದ್ದು ತಾನು, ಮತ್ತೆ ಕೆಲಸಕ್ಕೆ ಬಾ ಎಂದರು. ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಇಲ್ಲಿ ಬಂದು ನಂಗೆ ಹೇಳಿದ್ರೆ ಎಂತ ಆತು? ನಂಗೆ ಗೊತ್ತಿದ್ದೇ ಇತ್ತಲ, ನಾನಲ್ಲ ಅಂತ. ಅವಳ ಶಾಲೇಲಿ ಹೇಳಿ."

ಯಜಮಾನರು ಮಗಳನ್ನು ಕರೆದುಕೊಂಡು ಅದೇ ಪಿಕಪ್ಪಿನಲ್ಲಿ ಶಾಲೆಗೆ ಹೋಗಲು ಒಪ್ಪಿದರು. ಹೊರಡುವ ಮೊದಲು ಸುಮಿತ್ರಕ್ಕ ಒಳಗೆ ಹೋಗಿ ನೀರು, ಬೆಲ್ಲ ತಂದಿಟ್ಟಳು. ಬಂದವರು ಮೂವರು, ತಂದದ್ದು ಎರಡು ಲೋಟ. ಒಂದನ್ನು ಯಜಮಾನರ ಮುಂದೆ, ಒಂದನ್ನು ರಫೀಕಣ್ಣನ ಮುಂದೆ ಇಟ್ಟಳು. ಬ್ಯಾಟರಿ, ನಿಯಮ, ಲಾಗು ಎಂದು ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡ ವಿವರಣೆಯನ್ನೆಲ್ಲ ಬಿಟ್ಟೆ. ತಪ್ಪಾಯಿತು ಅಕ್ಕಾ ಎಂದಷ್ಟೇ ಹೇಳಿದೆ. ಅವಳು ಬಾವಿಕಟ್ಟೆಗೆ ಹೋಗಿ ಉಳಿದ ಬಟ್ಟೆ ಹಿಂಡತೊಡಗಿದಳು.

ಶಾಲೆಯಲ್ಲಿ ಯಜಮಾನರು ಹತ್ತನೆಯ ತರಗತಿಯ ಮುಂದೆ ನಿಂತು ನಾಲ್ಕು ವಾಕ್ಯ ಹೇಳಿದರು. ಮಕ್ಕಳು ಅವರನ್ನೂ, ಬಾಗಿಲಲ್ಲಿ ನಿಂತ ನಮ್ಮನ್ನೂ ನೋಡಿದರು. ಹುಡುಗಿ ಹೋಗಿ ತನ್ನ ಬೆಂಚಿನಲ್ಲಿ ಕೂತಳು. ಪಕ್ಕದವಳು ಚೀಲ ಸರಿಸಿ ಜಾಗ ಮಾಡಿದಳು.

ವಾಪಸ್ಸು ಬರುವಾಗ ನನಗೆ ಬಾಯಾರಿಕೆ ಎಂದೆ. ರಫೀಕಣ್ಣ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ: "ಸರ್ವರ್‌ನ ಕೇಳ್ರಿ. ನೀರ ಕುಡದೀರಿ ಅಂತ ಅದ್ರಾಗ ಬರದಿರತೈತಿ."

ಅಂದು ಸಂಜೆ ನಾನು ಗೋಡೆಯ ನೋಟೀಸು ಕಿತ್ತೆ, ಸುಮಿತ್ರಕ್ಕನ ಹೆಸರನ್ನು ಸರ್ವರಿನಲ್ಲಿ ಮತ್ತೆ ತೆರೆದೆ. ತಿಂಗಳಿಗೊಮ್ಮೆ ಬದಲಿಸುವ ನಿಯಮ ತೆಗೆದೆ, ಚಿಹ್ನೆಗಳ ನಿಯಮವನ್ನೂ ತೆಗೆದೆ. ಪ್ರತಿಯೊಬ್ಬರ ಪಕ್ಕದಲ್ಲಿ ಕೂತು, ತಮಗೆ ಮರೆಯದ ಒಂದು ಉದ್ದನೆಯ ವಾಕ್ಯವನ್ನೇ ಪಾಸ್‌ವರ್ಡ್ ಮಾಡಿಕೊಳ್ಳಲು ಹೇಳಿದೆ. ಎದ್ದುಹೋದರೆ ಐದು ನಿಮಿಷಕ್ಕೆ ಪರದೆ ತಾನೇ ಮುಚ್ಚುವ ಹಾಗೆ ಮಾಡಿದೆ. ಮೂರು ತಪ್ಪಿಗೆ ಅರ್ಧ ಗಂಟೆ ಎನ್ನುವುದನ್ನು ಮಾತ್ರ ಉಳಿಸಿದೆ. ಬಿಗಿ ಮಾಡಿದಷ್ಟೂ ಭದ್ರ ಎಂದು ನಿಮಗೂ ಯಾರಾದರೂ ಹೇಳುತ್ತಾರೆ. ಜನ ದಿನವೂ ಪಾಲಿಸಬಲ್ಲಷ್ಟು ಬಿಗಿ ಮಾಡಿ. ಅದಕ್ಕಿಂತ ಒಂದು ಸುತ್ತು ಹೆಚ್ಚಾದರೆ, ಅವರಲ್ಲಿ ಅತಿ ಒಳ್ಳೆಯವರೊಬ್ಬರು ಎಲ್ಲರಿಗೂ ಬಾಗಿಲು ತೆಗೆದುಕೊಡುತ್ತಾರೆ. ಹೊಡೆತ ಬೀಳುವುದೂ ಅವರಿಗೇ.

ಸುಮಿತ್ರಕ್ಕ ಬರುವಳೋ ಇಲ್ಲವೋ ಎಂದು ನಾಲ್ಕು ದಿನ ಗೊತ್ತಿರಲಿಲ್ಲ. ಆ ನಾಲ್ಕು ದಿನ ಯಜಮಾನರು ಯಾವ ಮಶಿನ್ನಿನ ಮುಂದೆಯೂ ಕೂರಲಿಲ್ಲ. ಸೋಮವಾರ ನಾನು ಎಂದಿಗಿಂತ ಮೊದಲು ಬಂದು ರಸ್ತೆಯ ಆಚೆ ನಿಂತಿದ್ದೆ. ಸಿದ್ದಾಪುರದ ಮೊದಲ ಬಸ್ಸು ಬಂದು ಸ್ವಲ್ಪ ಹೊತ್ತಿಗೆ ಅವಳು ನಡೆದು ಬಂದಳು. ಯಜಮಾನರು ಕೀ ಹಿಡಿದುಕೊಂಡು ಮೆಟ್ಟಿಲ ಮೇಲೇ ನಿಂತಿದ್ದರು. ಅವಳು ಕೀ ತೆಗೆದುಕೊಂಡು ಶಟರು ಎತ್ತಿದಳು, ದೀಪ ಹಚ್ಚಿದಳು, ಲೈಟು ಹಾಕಿದಳು. ಒಂದನೇ ಮಶಿನ್ನಿಗೆ ಹೋಗಿ ತನ್ನ ಹೆಸರು ಹೊಡೆದು ಕೂತಳು. ಉಳಿದ ಆರನ್ನು ನೋಡಲೂ ಇಲ್ಲ.

ಒಬ್ಬೊಬ್ಬರೇ ಬಂದು, ಕುರ್ಚಿ ಎಳೆದು, ತಮ್ಮ ತಮ್ಮ ವಾಕ್ಯ ಹೊಡೆದರು. ಮೂರನೇ ಮಶಿನ್ನಿನವರು ಇನ್ನೂ ಬಂದಿರಲಿಲ್ಲ, ಯಜಮಾನರು ಅಲ್ಲಿ ಕೂತು ತಮ್ಮ ವಾಕ್ಯವನ್ನು ಒಂದೇ ಬೆರಳಿನಲ್ಲಿ ಹೊಡೆದರು. ತಪ್ಪು. ಮತ್ತೆ ಹೊಡೆದರು. ತಪ್ಪು. ಮೂರನೆಯದೂ ತಪ್ಪಾಗಿ ಬಾಗಿಲು ಬಂದಾಯಿತು. ಒಂದು ಮದುವೆ ಕಾಗದದವರು ಹೊರಗೆ ಕಾಯುತ್ತಿದ್ದರು.

"ಸುಮಿತ್ರಾ, ಅರ್ಜೆಂಟ್ ಇದ್ದು," ಎಂದರು ಯಜಮಾನರು. "ಇದೊಂದ್ಸಲ ನಿಂದ್ರಲ್ಲಿ ತೆಗೆದು ಕೊಡೆ."

ಅವಳು ಟೈಪು ನಿಲ್ಲಿಸಲಿಲ್ಲ. "ಇಲ್ಲೆ," ಎಂದಳು.

ಮಾಳಿಗೆಗೆ ಹೋಗಿ ಒಂದು ಗುಂಡಿ ಒತ್ತಿದ್ದರೆ ನಾನು ಅವರನ್ನು ಬಿಡಿಸಬಹುದಿತ್ತು. ಅವರಿಗೂ ಅದು ಗೊತ್ತಿತ್ತು. ನನ್ನ ಕಡೆ ಒಮ್ಮೆ ನೋಡಿದರು, ಕೇಳಲಿಲ್ಲ. ಎದ್ದು ಹೋಗಿ ಪೇಪರ್ ಬಂಡಲಿನ ಮೇಲೆ ಕೂತರು. ಮದುವೆ ಕಾಗದದವರು ಒಳಗೆ ಬಂದು ಯಾಕೆ ಸುಮ್ಮನೆ ಕೂತಿದ್ದೀರಿ ಎಂದು ಕೇಳಿದರು. ಕಾಯ್ತಾ ಇದ್ದೇನೆ ಎಂದರು ಯಜಮಾನರು. ಪೂರ್ತಿ ಅರ್ಧ ಗಂಟೆ ಕೂತರು. ಆಮೇಲೆ ಎದ್ದು ಬಂದು, ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಹೊಡೆದರು. ಪರದೆ ತೆರೆಯಿತು.

ನಾನು ಮಾಳಿಗೆಗೆ ಹೋಗಿ ಲಾಗು ನೋಡಿದೆ. ಐದು ವರ್ಷದಲ್ಲಿ ಮೊದಲ ಸಲ ಯಜಮಾನರ ಹೆಸರು. ಮೂರನೇ ಮಶಿನ್ನು. ಆ ಒಂದು ಸಾಲನ್ನು ಪ್ರಿಂಟು ತೆಗೆದು ಕೆಳಗೆ ತಂದು ಸುಮಿತ್ರಕ್ಕನ ಕೀಬೋರ್ಡಿನ ಪಕ್ಕ ಇಟ್ಟೆ. ಅವಳು ಓದಿದಳು.

"ಇದು ಹೆಸರಾ, ಕೈಯಾ?"

"ಈ ಸಲ ಕೈನೂ ಹೌದ್ ಅಕ್ಕಾ. ನಾನ ನಿಂತು ನೋಡೀನಿ."

ಅವಳು ಹಾಳೆಯನ್ನು ಮಡಿಸಿ ಊಟದ ಡಬ್ಬಿಯ ಕೆಳಗೆ ಇಟ್ಟಳು. ಆಮೇಲೆ ಎದ್ದು ಹೋಗಿ, ಮೂಲೆಯ ಮಡಕೆಯಿಂದ ಒಂದು ಲೋಟ ನೀರು ತಂದು ನನ್ನ ಕೈಗೆ ಕೊಟ್ಟಳು.